ಹತ್ತನೆಯ ಸೂಚನೆ

ನನಗೆ ಮೂಗಿನ ತುದಿಯಲ್ಲೇ ಕೋಪ. ಶಾಲೆಯಲ್ಲಿ ಮೂವತ್ತೊಂದು ವರ್ಷ ಜೀವಶಾಸ್ತ್ರ ಹೇಳಿಕೊಟ್ಟವಳು ನಾನು, ವರ್ನಾ. ಮಕ್ಕಳು ಬೆನ್ನ ಹಿಂದೆ ನನ್ನನ್ನು ಮುಳ್ಳುಹಂದಿ ಎನ್ನುತ್ತಿದ್ದರು. ಅದು ನನಗೆ ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು. ನಿವೃತ್ತಳಾದ ಮೇಲೆ ಮನೆಯಲ್ಲಿ ಬೈಯಲು ಯಾರೂ ಇಲ್ಲದೆ ಬೇಸರವಾಗಿ, ತೋಟಗಾರರ ಸಂಘದ ತರಬೇತಿಗೆ ಸೇರಿದೆ. ಪರೀಕ್ಷೆಯಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ತೆಗೆದೆ. ಅಂದಿನಿಂದ ಶನಿವಾರಗಳಲ್ಲಿ ನಮ್ಮೂರು ವೆಸ್ಟ್ ಕಾರ್ಬಿಯ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಸಹಾಯವಾಣಿಯ ಫೋನಿನ ಮುಂದೆ ಕೂರುತ್ತೇನೆ. ಟೊಮೇಟೊ ಎಲೆ ಯಾಕೆ ಹಳದಿಯಾಯಿತು, ಸೇಬಿನ ಮರಕ್ಕೆ ಯಾವ ಹುಳ ಬಿತ್ತು, ಹೀಗೆ ಕೇಳುವವರಿಗೆ ಉತ್ತರ ಹೇಳುವುದು ನನ್ನ ಕೆಲಸ. ಎದುರು ಮೇಜಿನಲ್ಲಿ ಹಾಲಿಸ್ ಟಾರ್‌ಬಾಕ್ಸ್ ಇರುತ್ತಾನೆ. ಅರಣ್ಯ ಇಲಾಖೆಯಿಂದ ನಿವೃತ್ತನಾದವನು. ಅರ್ಧ ದಿನ ಡೋನಟ್ ತಿನ್ನುತ್ತಾನೆ, ಇನ್ನರ್ಧ ದಿನ ನನ್ನನ್ನು ರೇಗಿಸುತ್ತಾನೆ.

ಆ ಶನಿವಾರ ಏಪ್ರಿಲ್‌ನ ಎರಡನೆಯ ವಾರ. ಹಿಮ ಕರಗಿ ನೆಲ ಒಣಗಿತ್ತು, ಗಾಳಿ ಅಷ್ಟಾಗಿ ಇರಲಿಲ್ಲ. ಹನ್ನೊಂದೂವರೆ ಹೊತ್ತಿಗೆ ಫೋನ್ ಬಂತು.

"ಮೇಡಂ, ಈ ಪಾಯ್ಸನ್ ಐವಿ ಇದೆಯಲ್ಲ, ತಾಗಿದ್ರೆ ಮೈಯೆಲ್ಲ ಗುಳ್ಳೆ ಏಳಿಸೋ ಬಳ್ಳಿ, ಅದರ ಬಗ್ಗೆ ಕೇಳ್ಬೇಕಿತ್ತು," ಎಂದಿತು ವಯಸ್ಸಾದ ಗಂಡಸಿನ ಮೆತ್ತಗಿನ ದನಿ.

"ಕೇಳಿ."

"ನಮ್ಮ ಹಿತ್ತಲ ಕಲ್ಲುಗೋಡೆ ತುಂಬಾ ಹಬ್ಬಿಬಿಟ್ಟಿದೆ. ಒಂದೊಂದು ಬಳ್ಳಿ ನನ್ನ ಮಣಿಕಟ್ಟಿನಷ್ಟು ದಪ್ಪ. ಅರ್ಧ ಗೋಡೆದು ಕಡಿದು ಹಾಕಿದೀನಿ. ನಂಗೇನೂ ಆಗಲ್ಲ ಬಿಡಿ, ಹುಟ್ಟಿದಾಗಿಂದ ಆಗಿಲ್ಲ. ನಮ್ಮನೆಯವಳದ್ದೇ ಯೋಚನೆ. ಅವಳಿಗೆ ಉಸಿರಿನ ತೊಂದ್ರೆ, ಮೂಗಿಗೆ ಆಕ್ಸಿಜನ್ ನಳಿಗೆ ಹಾಕ್ಕೊಂಡೇ ಇರ್ತಾಳೆ. ಅವಳಿಗೆ ಒಂದು ಚೂರೂ ತಾಗಬಾರದು. ಏನೇನು ಮಾಡ್ಬೇಕು ಅಂತ ಹೇಳಿಬಿಡಿ, ಬರ್ಕೋತೀನಿ."

"ನಂಗೇನೂ ಆಗಲ್ಲ ಅನ್ನೋರೇ ಮೊದ್ಲು ಮೈ ಕೆರ್ಕೊಂಡು ಬರೋದು," ಎಂದೆ. "ಇಷ್ಟು ವರ್ಷ ಆಗ್ಲಿಲ್ಲ ಅಂದ್ರೆ ನಾಳೆ ಆಗಲ್ಲ ಅಂತಿಲ್ಲ. ಪೆನ್ಸಿಲ್ ಇದೆಯಾ?"

"ಇದೆ ಮೇಡಂ."

ನನ್ನ ಮುಂದೆ ಸಂಘದವರು ಅಚ್ಚು ಹಾಕಿಸಿದ ಕಾರ್ಡು ಇತ್ತು, ಹತ್ತು ಸೂಚನೆಗಳದ್ದು. ಅದನ್ನು ನೋಡುವ ಅಗತ್ಯ ನನಗಿರಲಿಲ್ಲ. ತರಗತಿಯಲ್ಲಿ ಮಾಡುತ್ತಿದ್ದ ಹಾಗೆ ಒಂದೊಂದೇ ಹೇಳಿ, ಅವನ ಬಾಯಿಂದ ಮತ್ತೆ ಹೇಳಿಸಿ ಮುಂದಕ್ಕೆ ಹೋದೆ. ಮೈ ಪೂರ್ತಿ ಮುಚ್ಚಬೇಕು. ಬಟ್ಟೆಯ ಕೈಗವಸು ಸಾಲದು, ಬಳ್ಳಿಯ ವಿಷದ ಎಣ್ಣೆ ಒಳಕ್ಕೆ ಇಳಿಯುತ್ತದೆ, ದಪ್ಪ ರಬ್ಬರಿನದೇ ಆಗಬೇಕು. ಬಳ್ಳಿಯನ್ನು ಎಳೆದು ಕೀಳಬಾರದು, ಕತ್ತರಿಸಬೇಕು.

"ಎಲೆ ಇಲ್ವಲ್ಲ ಮೇಡಂ ಈಗ? ಬರೀ ಕಡ್ಡಿ. ಸತ್ತ ಹಗ್ಗದ ಥರ ಇದೆ."

"ಎಲೆ ಇಲ್ದಿದ್ರೂ ವಿಷ ಇರತ್ತೆ. ಸತ್ತು ವರ್ಷಗಳಾದ್ರೂ ಇರತ್ತೆ. ಬರ್ಕೊಳ್ಳಿ ಅದನ್ನ, ನಾಲ್ಕನೇದು."

ಅವನು ಬರೆದುಕೊಂಡ. ಕೆಲಸದ ನಡುವೆ ಮುಖ ಒರೆಸಿಕೊಳ್ಳಬಾರದು, ಗರಗಸ ಕತ್ತರಿಗಳನ್ನು ಸ್ಪಿರಿಟ್‌ನಿಂದ ಒರೆಸಬೇಕು, ಬಟ್ಟೆಯನ್ನು ಬೇರೆ ಒಗೆಯಬೇಕು, ನಾಯಿಯಿದ್ದರೆ ಹತ್ತಿರ ಬಿಡಬಾರದು. ಕೊನೆಗೆ ಸ್ನಾನದ ವಿಷಯ ಹೇಳಿದೆ. ಆ ಎಣ್ಣೆ ಗಾಡಿಯ ಗ್ರೀಸ್ ಇದ್ದ ಹಾಗೆ, ಸುಮ್ಮನೆ ನೀರು ಸುರಿದರೆ ಹೋಗುವುದಿಲ್ಲ. ತಣ್ಣೀರು, ಪಾತ್ರೆ ತೊಳೆಯುವ ಸೋಪು, ಒರಟು ಬಟ್ಟೆ, ಚೆನ್ನಾಗಿ ಉಜ್ಜಬೇಕು, ಉಗುರಿನ ಸಂದಿಯನ್ನೂ ಬಿಡಬಾರದು.

"ಇದು ಒಂಬತ್ತನೇದು. ಹೇಳಿ ನೋಡೋಣ."

"ಮೇಡಂ, ಬರ್ಕೊಂಡಿದೀನಿ. ಇಷ್ಟು ಸಾಕಲ್ವಾ? ನಾಲ್ಕು ಗಂಟೆಯೊಳಗೆ ಮುಗಿಸ್ಬೇಕು ನಾನು. ಇವಳು ಆಗ್ಲೇ ಜಗಲಿಗೆ ಕುರ್ಚಿ ಹಾಕಿಸ್ಕೊಂಡು ಕೂತಿದಾಳೆ ನೋಡೋಕೆ."

ನನಗೆ ರೇಗಿಹೋಯಿತು. ತಾನಾಗಿ ಫೋನ್ ಮಾಡಿ, ನನ್ನ ಇಪ್ಪತ್ತು ನಿಮಿಷ ತೆಗೆದುಕೊಂಡು, ಈಗ ಪಾಠ ಮುಗಿಯುವ ಮೊದಲೇ ಬೆಲ್ ಹೊಡೆಯುವವನು ಯಾರಿವನು ಎನ್ನಿಸಿತು. "ಅಷ್ಟು ಅವಸರ ಇದ್ರೆ ಕೇಳ್ಬಾರದಿತ್ತು. ಸರಿ, ಹೋಗಿ, ಮುಗಿಸ್ಕೊಳ್ಳಿ," ಎಂದು ಫೋನ್ ಇಟ್ಟೆ. ರಿಜಿಸ್ಟರಿನಲ್ಲಿ ಕರೆ ಮಾಡಿದವರ ಹೆಸರು, ನಂಬರು ಬರೆಯುವ ಅಂಕಣವಿದೆ. ಕೇಳಿಯೇ ಇರಲಿಲ್ಲ, ಖಾಲಿ ಬಿಟ್ಟೆ.

"ಪಾಪ, ಯಾರನ್ನ ಬೆಂಚ್ ಮೇಲೆ ನಿಲ್ಲಿಸಿದ್ರಿ ಟೀಚರಮ್ಮ?" ಎಂದ ಹಾಲಿಸ್.

ಆಮೇಲೆ ಎರಡು ಮೂರು ಕರೆ ಬಂದವು. ಒಬ್ಬಳಿಗೆ ಗುಲಾಬಿ, ಇನ್ನೊಬ್ಬನಿಗೆ ಮೋಲ್ ಇಲಿಯ ಬಿಲ. ಎರಡು ಗಂಟೆಗೆ ಹಾಲಿಸ್ ಎದ್ದು ಕೋಟು ಹಾಕಿಕೊಂಡ.

"ನಾನು ಹೊರಟೆ ಟೀಚರಮ್ಮ. ಮನೇಲಿ ಕಸಕಡ್ಡಿ ರಾಶಿ ಹಾಗೇ ಬಿದ್ದಿದೆ. ಇವತ್ತು ಸುಡೋಕೆ ಪರವಾನಗಿ ತಗೊಂಡಿದೀನಿ. ನಾಲ್ಕಕ್ಕೆ ಬೆಂಕಿ ಆರ್ಸ್‌ಲಿಲ್ಲಾಂದ್ರೆ ಅಗ್ನಿಶಾಮಕ ಠಾಣೆ ಡೊರೀನ್ ನನ್ನ ಚರ್ಮ ಸುಲೀತಾಳೆ."

ನಾಲ್ಕು ಗಂಟೆಯೊಳಗೆ ಮುಗಿಸಬೇಕು ಎಂದಿದ್ದ ಆ ಐವಿಯವನ ಮಾತು ಆಗ ನನ್ನ ಕಿವಿಗೆ ಬಿತ್ತು.

ನಮ್ಮ ಕಡೆ ಚಳಿಗಾಲದಲ್ಲಿ ಮುರಿದು ಬಿದ್ದ ರೆಂಬೆಕೊಂಬೆಗಳನ್ನು ಮೇ ತಿಂಗಳು ಹುಟ್ಟುವ ಮೊದಲು ಸುಟ್ಟು ಮುಗಿಸಬೇಕು. ಬೆಳಿಗ್ಗೆ ಅಗ್ನಿಶಾಮಕ ಠಾಣೆಗೆ ಫೋನ್ ಮಾಡಿ ವಿಳಾಸ ಹೇಳಿದರೆ ಆ ದಿನದ ಮಟ್ಟಿಗೆ ಒಪ್ಪಿಗೆ ಕೊಡುತ್ತಾರೆ. ಹತ್ತು ಗಂಟೆಗೆ ಹಚ್ಚಬಹುದು, ನಾಲ್ಕಕ್ಕೆ ಆರಿಸಬೇಕು. ಏಪ್ರಿಲ್ ಶನಿವಾರ ನಾಲ್ಕು ಗಂಟೆಯೊಳಗೆ ಮುಗಿಸಬೇಕು ಎಂದು ಯಾರಾದರೂ ಹೇಳಿದರೆ ಅದು ಬೆಂಕಿಯ ಮಾತು, ಬೇರೆ ಯಾವುದೂ ಅಲ್ಲ. ಇದು ಈ ಬೆಟ್ಟಗಳಲ್ಲಿ ಹುಟ್ಟಿದ ಮಗುವಿಗೂ ಗೊತ್ತು. ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಸಿಟ್ಟಿನಲ್ಲಿ ಕಿವಿ ಮುಚ್ಚಿಹೋಗಿತ್ತು.

ಕಾರ್ಡಿನಲ್ಲಿ ಹತ್ತನೆಯ ಸೂಚನೆ ಅದೇ. ಐವಿಯನ್ನು ಎಂದಿಗೂ ಸುಡಬೇಡಿ. ವಿಷದ ಎಣ್ಣೆ ಹೊಗೆಯ ಜೊತೆ ಮೇಲೇಳುತ್ತದೆ. ಚರ್ಮದ ಮೇಲೆ ಗುಳ್ಳೆ ಎಬ್ಬಿಸುವುದು ಆಗ ಶ್ವಾಸಕೋಶದ ಒಳಗೆ ಎಬ್ಬಿಸುತ್ತದೆ. ಗಟ್ಟಿಮುಟ್ಟಾದವರೇ ಅದರಿಂದ ಸತ್ತಿದ್ದಾರೆ. ಅವನ ಹೆಂಡತಿ ಮೂಗಿಗೆ ನಳಿಗೆ ಹಾಕಿಕೊಂಡು ಜಗಲಿಯಲ್ಲಿ ಕೂತಿದ್ದಳು, ಬೆಂಕಿ ನೋಡಲು.

ಹಾಲಿಸ್‌ಗೆ ಎಲ್ಲವನ್ನೂ ಹೇಳಿದೆ. ಅವನ ಮುಖದಲ್ಲಿ ತಮಾಷೆ ಉಳಿಯಲಿಲ್ಲ.

"ಹತ್ತನೇದೇ ಅಲ್ವೇನಮ್ಮ ಮೊದ್ಲು ಹೇಳ್ಬೇಕಾದ್ದು?" ಎಂದ.

ಅಗ್ನಿಶಾಮಕ ಠಾಣೆಗೆ ಫೋನ್ ಮಾಡಿದೆ. ಡೊರೀನ್ ತೆಗೆದಳು. ಪರವಾನಗಿ ಬರೆದುಕೊಳ್ಳುವವಳು ಅವಳೇ.

"ಇವತ್ತು ಮೂವತ್ತೆಂಟು ಜನ ತಗೊಂಡಿದಾರೆ ವರ್ನಾ. ಹೆಸರು ಗೊತ್ತಿಲ್ಲ ಅಂದ್ರೆ ನಾನು ಯಾರಿಗೆ ಅಂತ ಹೇಳ್ಲಿ?"

"ಮನೇಲಿ ಆಕ್ಸಿಜನ್ ಇದೆ. ಹೆಂಗಸಿಗೆ."

"ಹಾಂ, ತಡಿ. ಆಕ್ಸಿಜನ್ ಇರೋ ಮನೆ ನಾವು ಬೇರೆ ಗುರುತು ಹಾಕ್ಕೊಂಡಿರ್ತೀವಿ." ಕಾಗದ ಮಗುಚುವ ಸದ್ದು ಕೇಳಿತು. "ಇದೆ. ಕ್ಲೇಟನ್ ಪೆಲ್ಕಿ, ಕಾಬಲ್ ಹಿಲ್ ರಸ್ತೆ. ಹೆಂಡತಿ ರೋಸಾಲಿ. ಬೆಳಿಗ್ಗೆ ನಾನೇ ಹೇಳ್ದೆ, ಬೆಂಕಿಯಿಂದ ಸಿಲಿಂಡರ್ ದೂರ ಇರ್ಲಿ, ನೀವು ಗಾಳಿಗೆ ಬೆನ್ನು ಹಾಕಿ ನಿಂತ್ಕೊಳ್ಳಿ ಅಂತ. ಎಲ್ಲದಕ್ಕೂ ಹೂಂ ಅಂದ್ರು, ಪಾಪ. ಯಾಕೆ, ಏನಾಯ್ತು?"

ಹೇಳಿದೆ. ಠಾಣೆಯ ಗಾಡಿ ಇನ್ನೊಂದು ಕಡೆ ಹುಲ್ಲುಗಾವಲಿಗೆ ಹತ್ತಿದ ಬೆಂಕಿ ಆರಿಸಲು ಹೋಗಿದೆ, ವೈರ್‌ಲೆಸ್‌ನಲ್ಲಿ ಕರೆಯುತ್ತೇನೆ, ಆಂಬುಲೆನ್ಸನ್ನೂ ಕಳಿಸುತ್ತೇನೆ, ಆದರೆ ಅರ್ಧ ಗಂಟೆಯಾದರೂ ಬೇಕು ಎಂದಳು. ಪೆಲ್ಕಿಯ ನಂಬರು ಕೊಟ್ಟಳು. ಫೋನ್ ಬಡಿದುಕೊಂಡೇ ಇತ್ತು, ಯಾರೂ ತೆಗೆಯಲಿಲ್ಲ. ಇಬ್ಬರೂ ಹೊರಗಿದ್ದರಲ್ಲ.

ಕಾರು ಹತ್ತಿ ಹೊರಟೆ. ಊರು ದಾಟಿ ಮೇಲಿನ ರಸ್ತೆಗೆ ಬಂದಾಗ ಸುತ್ತಲ ಬೆಟ್ಟಗಳೆಲ್ಲ ಒಟ್ಟಿಗೆ ಕಾಣಿಸಿದವು. ಎಲ್ಲಿ ನೋಡಿದರೂ ಹೊಗೆ. ಹತ್ತು, ಹದಿನೈದು ಕಡೆ ನೆಟ್ಟಗೆ ಮೇಲಕ್ಕೆ ಏಳುತ್ತಿತ್ತು. ಚಿಕ್ಕಂದಿನಿಂದ ನನಗೆ ಇಷ್ಟವಾದ ನೋಟ ಅದು, ಚಳಿ ಮುಗಿಯಿತು ಎಂಬ ಸಮಾಧಾನ. ಅವತ್ತು ಅದನ್ನು ನೋಡಿ ಕಾರಿನ ವೇಗ ಹೆಚ್ಚಿಸಿದೆ. ಕಾಬಲ್ ಹಿಲ್ ಮೇಲಿನ ಹೊಗೆ ಮಾತ್ರ ನೆಟ್ಟಗಿರಲಿಲ್ಲ. ಮೇಲೆ ಸ್ವಲ್ಪ ಗಾಳಿಯಿತ್ತು. ಹೊಗೆ ಬಾಗಿ, ಒಂದು ಬಿಳಿ ಮನೆಯ ಮೇಲೆ ಹಾದು, ಕಣಿವೆಗೆ ಇಳಿಯುತ್ತಿತ್ತು.

ನಾನು ಮುಟ್ಟುವ ಹೊತ್ತಿಗೆ ಉರಿ ತಗ್ಗಿ ಕೆಂಡವಾಗಿತ್ತು. ಹಿತ್ತಲ ಆಚೆ ತುದಿಯಲ್ಲಿ ಎತ್ತರದ ಮುದುಕನೊಬ್ಬ ಗಾಳಿಗೆ ಬೆನ್ನು ಹಾಕಿ, ಗೋರೆಯಿಂದ ಕೆಂಡವನ್ನು ನಡುವಿಗೆ ಎಳೆಯುತ್ತಿದ್ದ. ಮೈ ಪೂರ್ತಿ ಮುಚ್ಚಿದ್ದ. ಕೈಯಲ್ಲಿ ಮೊಣಕೈವರೆಗಿನ ದಪ್ಪ ರಬ್ಬರ್ ಗವಸು. ಜಗಲಿಯಲ್ಲಿ ಮೊಣಕಾಲ ಮೇಲೆ ಕಂಬಳಿ ಹಾಸಿಕೊಂಡು ಸಣ್ಣಗಿನ ಹೆಂಗಸೊಬ್ಬಳು ಕೂತಿದ್ದಳು. ಗಂಟಲು ಸರಿಮಾಡಿಕೊಳ್ಳುತ್ತಿದ್ದಳು.

ನಾನು ಯಾರೆಂದು ಹೇಳಿದೆ.

"ಓ, ಫೋನಿನ ಟೀಚರಮ್ಮ!" ಎಂದು ನಕ್ಕಳು. "ನಿಮ್ಮ ಪಟ್ಟಿ ಹಿಡ್ಕೊಂಡು ಮಧ್ಯಾಹ್ನದಿಂದ ನನ್ನ ಪ್ರಾಣ ತಿಂದಿದಾರೆ. ಜಗಲಿ ಇಳೀಬೇಡ, ಅದು ಮುಟ್ಟಬೇಡ, ಇದು ಮುಟ್ಟಬೇಡ. ಬಂದೋಬಸ್ತೋ ಬಂದೋಬಸ್ತು." ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲು ಸಮಯ ಹಿಡಿಯಿತು.

"ಹೊಗೆ ಈ ಕಡೆ ಬಂತಾ?"

"ಬಂತು, ಮೊದಲೊಂದು ಗಂಟೆ. ಗಾಳಿ ಹಾಗೇ ಇತ್ತು. ಸೌದೆ ಹೊಗೆ ವಾಸನೆ ಅಂದ್ರೆ ನಂಗೆ ಆಸೆ, ಅದಕ್ಕೇ ಒಳಗೆ ಹೋಗ್ಲಿಲ್ಲ. ಯಾಕಮ್ಮ, ಮುಖ ಹೀಗಾಗಿದೆ ನಿಮ್ಮದು?"

ಹೇಳಿದೆ, ಒಂದನ್ನೂ ಮುಚ್ಚಿಡದೆ. ಹತ್ತನೆಯ ಸೂಚನೆ ಏನಿತ್ತು, ಅದನ್ನು ಯಾಕೆ ಹೇಳಲಿಲ್ಲ, ಈಗ ಗಂಟಲಲ್ಲಿ ಕೆರೆಯುತ್ತಿರುವುದು ಬರೀ ಆರಂಭ, ನಿಜವಾದ ಊತ ಬರಲು ಒಂದೆರಡು ದಿನ ಬೇಕು, ಅಷ್ಟರೊಳಗೆ ಆಸ್ಪತ್ರೆಯಲ್ಲಿರಬೇಕು ಎಂದೆಲ್ಲ. ಅವಳು ನಡುವೆ ಬಾಯಿ ಹಾಕದೆ ಕೇಳಿದಳು. ನನ್ನ ಜೀವನದಲ್ಲಿ ಅಷ್ಟು ಗಮನವಿಟ್ಟು ಕೇಳಿದವರು ಇನ್ನೊಬ್ಬರಿಲ್ಲ.

"ಅವರಿಗೆ ಹೇಳಿದ್ರಾ?" ಎಂದಳು, ಹಿತ್ತಲ ಕಡೆ ನೋಡುತ್ತ.

"ಇಲ್ಲ. ಈಗ ಹೋಗಿ ಹೇಳ್ತೀನಿ."

"ಬೇಡ."

"ರೋಸಾಲಿ, ಹೇಳಲೇಬೇಕು..."

"ಡಾಕ್ಟರಿಗೆ ಹೇಳಿ. ಅವರ ಎದೇನೂ ನೋಡಿ ಅಂತ ಹೇಳಿ. ಇವರಿಗೆ ಬೇಡ." ಅವಳು ನನ್ನ ಮಣಿಕಟ್ಟು ಹಿಡಿದುಕೊಂಡಳು. ಬೆರಳು ತಣ್ಣಗಿದ್ದವು, ಹಿಡಿತ ಮಾತ್ರ ಬಿಗಿಯಾಗಿತ್ತು. "ನಂಗೆ ಒಂದು ಗುಳ್ಳೆ ಏಳಬಾರದು ಅಂತ ನಿಮಗೆ ಫೋನ್ ಮಾಡಿದ ಮನುಷ್ಯ ಅದು. ತನ್ನ ಕೈಯಾರೆ ಹಚ್ಚಿದ ಬೆಂಕಿಯಿಂದ ನಂಗೆ ಹೀಗಾಯ್ತು ಅಂತ ಗೊತ್ತಾದ್ರೆ ನನಗಿಂತ ಮುಂಚೆ ಅವರೇ ಹೋಗ್ತಾರೆ. ಹಳೇ ಕಾಯಿಲೆ ಜಾಸ್ತಿಯಾಯ್ತು ಅನ್ನಿ. ಅಷ್ಟು ಮಾಡಿ ನನಗೆ."

ನಾನು ಸುಳ್ಳು ಹೇಳುವವಳಲ್ಲ. ಮಗುವಿನ ತಾಯಿ ಅತ್ತರೂ ಒಂದು ಅಂಕ ಜಾಸ್ತಿ ಹಾಕಿದವಳಲ್ಲ. ಆದರೆ ಅವಳು ಕೇಳುತ್ತಿದ್ದ ಸುಳ್ಳು ನನ್ನ ತಪ್ಪನ್ನೂ ಮುಚ್ಚುತ್ತಿತ್ತು. ಅದು ನನಗೆ ತಕ್ಷಣ ಹೊಳೆಯಿತು. ಅವಳಿಗೂ ಹೊಳೆದಿತ್ತೆಂದು ಅವಳ ಕಣ್ಣು ಹೇಳಿತು. ಆದರೂ ಕೇಳಿದಳು, ಆದರೂ ನಾನು ಹೂಂ ಎಂದೆ. ನಾಚಿಕೆಯಿಂದ ನನ್ನ ಕಿವಿಯವರೆಗೆ ಬಿಸಿಯಾಯಿತು.

ಅಷ್ಟರಲ್ಲಿ ಕ್ಲೇಟನ್ ನಮ್ಮನ್ನು ನೋಡಿ ಬಂದ. ಬರುವ ದಾರಿಯಲ್ಲೇ ನಲ್ಲಿಯ ಹತ್ತಿರ ನಿಂತು, ಗವಸು ಕಳಚಿ, ಸೋಪು ಹಚ್ಚಿ, ಒರಟು ಬಟ್ಟೆಯಿಂದ ಮೊಣಕೈವರೆಗೆ ಉಜ್ಜಿ ತೊಳೆದ. ಉಗುರಿನ ಸಂದಿಯನ್ನೂ ಬಿಡಲಿಲ್ಲ.

"ನೀವೇನಾ ಮೇಡಂ? ಬೆಳಿಗ್ಗೆ ನಾನು ಮರ್ಯಾದೆ ಇಲ್ದೆ ಮಾತಾಡ್ಬಿಟ್ಟೆ, ಬೇಜಾರು ಮಾಡ್ಕೋಬೇಡಿ. ಒಂಬತ್ತೂ ಮಾಡಿದೀನಿ ನೋಡಿ." ಜೇಬಿನಿಂದ ಮಡಿಸಿದ ಲಕೋಟೆ ತೆಗೆದ. ಹಿಂಬದಿಯಲ್ಲಿ ದಪ್ಪ ಅಕ್ಷರದಲ್ಲಿ ಒಂಬತ್ತು ಸಾಲು, ಒಂದೊಂದರ ಮುಂದೆಯೂ ಗೀಟು. "ಏನಾದ್ರೂ ಬಿಟ್ಟಿದೀನಾ?"

"ಇಲ್ಲ," ಎಂದೆ. "ನೀವೇನೂ ಬಿಟ್ಟಿಲ್ಲ."

ಆಂಬುಲೆನ್ಸ್ ಬಂತು. ಹೆಂಡತಿಗೆ ಉಸಿರು ಯಾಕೋ ಹೆಚ್ಚುಕಡಿಮೆಯಾಗಿದೆ, ನೋಡಿಸುವುದು ಒಳ್ಳೆಯದು ಎಂದು ನಾನೇ ಕರೆಸಿದ್ದಾಗಿ ಹೇಳಿದೆ. ಅವನು ನನಗೆ ಮೂರು ಸಲ ಥ್ಯಾಂಕ್ಸ್ ಹೇಳಿದ. ಬಂದವರನ್ನು ಪಕ್ಕಕ್ಕೆ ಕರೆದು ನಿಜ ಸಂಗತಿ ತಿಳಿಸಿದೆ. ಅವನ ಎದೆಯನ್ನೂ ಪರೀಕ್ಷಿಸಬೇಕು, ಅವಳ ಮಾತೂ ನಡೆಯಬೇಕು ಎಂದೆ. ಗಾಳಿಗೆ ಬೆನ್ನು ಹಾಕಿ ನಿಂತಿದ್ದ ಅವನಿಗೆ ತೋಳ ಮೇಲೆ ನಾಲ್ಕು ಗುಳ್ಳೆ ಎದ್ದದ್ದು ಬಿಟ್ಟರೆ ಏನೂ ಆಗಲಿಲ್ಲ. ಅವಳಿಗೆ ಭಾನುವಾರ ಸಂಜೆ ಗಂಟಲು ಕಟ್ಟಿತು. ಸೋಮವಾರ ಮಾತು ನಿಂತು ಯಂತ್ರದಿಂದ ಉಸಿರಾಡಿದಳು. ಶುಕ್ರವಾರ ಬೆಳಿಗ್ಗೆ ತೀರಿಕೊಂಡಳು. ಮಾತು ನಿಲ್ಲುವ ಮೊದಲು ಡಾಕ್ಟರಿಗೂ ಅದನ್ನೇ ಹೇಳಿ ಒಪ್ಪಿಸಿದ್ದಳಂತೆ. ಕ್ಲೇಟನ್‌ಗೆ ಅವರು ಹೇಳಿದ್ದು ಹಳೆಯ ಕಾಯಿಲೆ ಉಲ್ಬಣಿಸಿತು ಎಂದು ಮಾತ್ರ.

ಅಂತ್ಯಸಂಸ್ಕಾರದ ದಿನ ಚರ್ಚಿಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಅವನು ನನ್ನನ್ನು ಹುಡುಕಿಕೊಂಡು ಬಂದು ಎರಡೂ ಕೈ ಹಿಡಿದ. "ನೀವಾದ್ರೂ ಹೊತ್ತಿಗೆ ಸರಿಯಾಗಿ ಬಂದ್ರಿ. ಇಲ್ದಿದ್ರೆ ಜಗಲೀಲೇ ಹೋಗ್ಬಿಡ್ತಿದ್ಲು," ಎಂದ. ನನಗೆ ನೆಲ ಬಿರಿಯಬಾರದೇ ಎನ್ನಿಸಿತು. ಮನೆಗೆ ಬಂದು ಸಂಘಕ್ಕೆ ರಾಜೀನಾಮೆ ಬರೆದೆ. ಹಾಲಿಸ್ ಅದನ್ನು ಓದಿ ಹರಿದು ಹಾಕಿದ.

"ನೀನು ಹೋಗಿಬಿಟ್ರೆ ಆಯ್ತಾ? ಆ ಕುರ್ಚೀಲಿ ಇನ್ಯಾರನ್ನೋ ಕೂರಿಸಿ ಅವಳೂ ಹತ್ತನೇದನ್ನ ಮರೀಲಿ ಅಂತಾನಾ? ಕೂತ್ಕೊ, ಮೊದ್ಲು ಅದನ್ನೇ ಹೇಳು ಎಲ್ಲರಿಗೂ," ಎಂದ. ಅವನು ನನ್ನನ್ನು ಟೀಚರಮ್ಮ ಎಂದು ಕರೆಯುವುದನ್ನು ಅಂದಿನಿಂದ ಬಿಟ್ಟ.

ಹಾಗಾಗಿ ಏಪ್ರಿಲ್‌ನ ಕೊನೆಯ ಶನಿವಾರವೂ ನಾನು ಫೋನಿನ ಮುಂದಿದ್ದೆ. ಸುಡಲು ಇನ್ನು ಕೆಲವೇ ದಿನ ಉಳಿದಿದ್ದವು. ಬೆಳಿಗ್ಗೆ ಒಂಬತ್ತೂವರೆಗೆ ಕರೆ ಬಂತು.

"ಮೇಡಂ, ಕ್ಲೇಟನ್ ಪೆಲ್ಕಿ."

"ಹೇಗಿದೀರಿ?" ಎಂದೆ.

"ಇದೀನಿ. ಸುಮ್ನೆ ಕೂತ್ರೆ ಆಗಲ್ಲ. ಆ ಗೋಡೆ ಇನ್ನರ್ಧ ಹಾಗೇ ಉಳಿದಿತ್ತಲ್ಲ, ಅವಳಿಗೆ ಅದು ಪೂರ್ತಿ ಬೋಳಾಗ್ಬೇಕು ಅಂತ ಆಸೆ ಇತ್ತು. ಈ ವಾರ ಎಲ್ಲ ಕಡಿದು ರಾಶಿ ಹಾಕಿದೀನಿ. ಡೊರೀನ್ ಇವತ್ತು ರಜಾ ಅಂತೆ, ಯಾರೋ ಹೊಸಬ ಇದ್ದ, ಪರವಾನಗಿ ಕೊಟ್ಟ. ಹತ್ತಕ್ಕೆ ಹಚ್ತೀನಿ. ನಿಮ್ಮ ಪಟ್ಟಿ ಕೈಯಲ್ಲೇ ಇದೆ. ಹೋದ ಸಲದ ಹಾಗೇ ಮಾಡಿದ್ರೆ ಸಾಕಲ್ವಾ ಅಂತ ಒಂದು ಮಾತು ಕೇಳೋಣ ಅನ್ನಿಸ್ತು. ನಂಗಿನ್ಯಾರಿದಾರೆ ಕೇಳೋಕೆ?"

ಹಾಲಿಸ್ ನನ್ನ ಮುಖ ನೋಡಿ ಎದ್ದು ನಿಂತ. ಗೋಡೆಯ ಗಡಿಯಾರದಲ್ಲಿ ಒಂಬತ್ತು ಮೂವತ್ತೆರಡು. ಬೇರೆ ಏನಾದರೂ ನೆಪ ಹೇಳಬಹುದಿತ್ತು. ಗಾಳಿ ಜಾಸ್ತಿ, ಇವತ್ತು ಬೇಡ, ಚೀಲಕ್ಕೆ ತುಂಬಿಸಿಡಿ ಎನ್ನಬಹುದಿತ್ತು. ಆ ನೆಪ ನಾಲಿಗೆಯ ತುದಿಗೆ ಬಂದಿತ್ತು. ಗಾಳಿ ನಿಂತ ಮೇಲೆ ಹಚ್ಚಿದರೆ? ಮುಂದಿನ ವರ್ಷ ಹಚ್ಚಿದರೆ? ರೋಸಾಲಿಯ ತಣ್ಣನೆಯ ಬೆರಳು ನೆನಪಾಯಿತು. ಮಾತು ಕೊಟ್ಟಿದ್ದೆ. ಆದರೆ ಅವಳು ಕೇಳಿದ್ದು ಅವನು ಬದುಕಿರಲಿ ಎಂದೇ ಅಲ್ಲವೇ?

"ಹಚ್ಚಬೇಡಿ ಕ್ಲೇಟನ್," ಎಂದೆ. "ಹತ್ತನೇದು ಒಂದಿದೆ."

"ಒಂಬತ್ತಲ್ವಾ?"

"ಹತ್ತು."

"ಒಂದ್ನಿಮಿಷ ಇರಿ, ಪೆನ್ಸಿಲ್ ತಗೋತೀನಿ." ಡ್ರಾಯರ್ ಎಳೆದ ಸದ್ದು ಕೇಳಿತು. "ಹೇಳಿ ಮೇಡಂ."

ಹೇಳಿದೆ. ಐವಿಯನ್ನು ಎಂದಿಗೂ ಸುಡಬಾರದು, ಅದರ ಹೊಗೆ ಎದೆಯೊಳಗೆ ಹೋದರೆ ಮನುಷ್ಯ ಉಳಿಯುವುದಿಲ್ಲ. ಕಾಗದದ ಮೇಲೆ ಪೆನ್ಸಿಲ್ ಓಡುವುದು ನನಗೆ ಕೇಳಿಸುತ್ತಿತ್ತು. ಅವನು ಬರೆದುಕೊಂಡು, ನಾನು ಕೇಳದಿದ್ದರೂ ಒಂದೊಂದೇ ಪದವಾಗಿ ಓದಿ ಹೇಳತೊಡಗಿದ. 'ಹೊಗೆ' ಎನ್ನುವಲ್ಲಿಗೆ ಬಂದು ನಿಂತುಬಿಟ್ಟ.

"ಇದು ಅವತ್ತೂ ಇತ್ತಾ ಮೇಡಂ?"

"ಇತ್ತು," ಎಂದೆ.

ಅವನು ಫೋನ್ ಇಡಲಿಲ್ಲ. ನಾನೂ ಇಡಲಿಲ್ಲ.